ಕಿವಿಮಾತು ಹೇಳಿದ ವೈದ್ಯೆ: ಅನುಪಮಾ ನಿರಂಜನ

ಪಾಠಾಭ್ಯಾಸದಲ್ಲಿ ನನಗೆ 8ನೇ ತರಗತಿಯ ಹದಿಹರೆಯದ ಘಟಕ ಬಂದಿತ್ತು. ಪಾಠಯೋಜನೆ, ಚಾರ್ಟು ಎಲ್ಲವೂ ಸಿದ್ಧವಿದ್ದವು. ಋತುಚಕ್ರ, ಅಂತಃಸ್ರಾವಕ ಗ್ರಂಥಿ ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಮೌಲ್ಯಮಾಪನದ ಹಂತದಲ್ಲಿ ಪ್ರಶ್ನೆ ಕೇಳಿದಾಗ ಒಂದು ಕೈಯೂ ಮೇಲೇಳಲಿಲ್ಲ. ಗಂಟೆ ಹೊಡೆದ ಮೇಲೆ ಒಬ್ಬ ಹುಡುಗಿ ಹತ್ತಿರ ಬಂದಳು. ಹೊರಗಾಗೋದು ಅಂತಾರಲ್ಲ, ಅದೇ ಏನ್ರಿ ಇದು ಎಂದು ಮೆಲ್ಲಗೆ ಕೇಳಿದಳು. ಅದು ರೋಗವೆಂದು ಹೆದರಿ ಪ್ರತಿ ತಿಂಗಳು ನಾಲ್ಕು ದಿನ ಅವಳು ಶಾಲೆ ಬಿಡುತ್ತಿದ್ದಳು. ಹಿರೋಳ್ಳಿಯಲ್ಲಿ ಬೆಳೆದ ನನಗೆ ಆ ಮಾತು ಗೊತ್ತಿತ್ತು. ತರಗತಿಯಲ್ಲಿ ಆಡಲು ನಾಚಿದ್ದೆ, ಅಷ್ಟೆ.

ಆಗ ನೆನಪಾದವರು ಡಾ. ಅನುಪಮಾ ನಿರಂಜನ.

1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಅವರ ಮೊದಲ ಹೆಸರು ವೆಂಕಟಲಕ್ಷ್ಮಿ. ಮೈಸೂರಿನಲ್ಲಿ ವೈದ್ಯಕೀಯ ಓದಿದರು. ಕಾದಂಬರಿಕಾರ ನಿರಂಜನರನ್ನು ಮದುವೆಯಾದರು. ಧಾರವಾಡದಲ್ಲಿ, ಬಳಿಕ ಬೆಂಗಳೂರಿನಲ್ಲಿ ವೈದ್ಯವೃತ್ತಿ ನಡೆಸಿದರು. ಕಥೆ, ಕಾದಂಬರಿ ಬರೆದರು; ಮಕ್ಕಳಿಗಾಗಿ ‘ದಿನಕ್ಕೊಂದು ಕಥೆ’ಯನ್ನು 12 ಸಂಪುಟಗಳಲ್ಲಿ ಕೊಟ್ಟರು. ಹೆಣ್ಣುಮಕ್ಕಳ ದೇಹ, ಬಸಿರು, ಬಾಣಂತನ ಕುರಿತು ಬಾಯಿಬಿಡಲು ಹಿಂಜರಿಯುತ್ತಿದ್ದ ಕಾಲದಲ್ಲಿ ‘ತಾಯಿ-ಮಗು’, ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’, ‘ಕೇಳು ಕಿಶೋರಿ’ ಪುಸ್ತಕಗಳನ್ನು ಬರೆದರು. ಹೆಸರುಗಳನ್ನೇ ಗಮನಿಸಿ. ಒಂದರಲ್ಲೂ ಕಾಯಿಲೆಯ ಹೆಸರಿಲ್ಲ, ವೈದ್ಯರ ಪರಿಭಾಷೆಯಿಲ್ಲ. ಮನೆಯ ಹಿರಿಯಳೊಬ್ಬಳು ಪಕ್ಕಕ್ಕೆ ಕರೆದು ಕೂರಿಸಿಕೊಂಡಂತಿದೆ. ವೈದ್ಯೆಯ ಅರಿವು, ಕಥೆಗಾರ್ತಿಯ ಭಾಷೆ ಎರಡೂ ಒಬ್ಬರಲ್ಲೇ ಕೂಡಿದ್ದರಿಂದ ಆ ಪುಸ್ತಕಗಳು ಮನೆಮನೆ ತಲುಪಿದವು. 1991ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗಿನ್ನೂ 60 ತುಂಬಿರಲಿಲ್ಲ.

ಮರುದಿನ ಅದೇ ಪಾಠವನ್ನು ಮತ್ತೆ ಮಾಡಿದೆ. ಮೊದಲು ‘ಹೊರಗಾಗುವುದು’, ‘ಮುಟ್ಟು’ ಎಂಬ ಮಾತುಗಳನ್ನೇ ಆಡಿದೆ. ಗರ್ಭಕೋಶದ ಒಳಪದರ ಮಗುವಿಗಾಗಿ ತಿಂಗಳು ತಿಂಗಳು ಸಿದ್ಧವಾಗುತ್ತದೆ. ಮಗು ನಿಲ್ಲದಿದ್ದರೆ ಕಳಚಿ ರಕ್ತದೊಡನೆ ಹೊರಬರುತ್ತದೆ. ಇದು ರೋಗವಲ್ಲ, ಮೈಲಿಗೆಯೂ ಅಲ್ಲ ಎಂದೆ. ಋತುಚಕ್ರ ಎಂಬ ಪದವನ್ನು ಕೊನೆಗೆ ಬರೆದೆ. ಈ ಸಲ ಪ್ರಶ್ನೆಗಳು ಮಕ್ಕಳಿಂದಲೇ ಬಂದವು. ಆ ಹುಡುಗಿ ಮುಂದಿನ ಸಾಲಿಗೆ ಬಂದು ಕುಳಿತಿದ್ದಳು.

ಪಾರಿಭಾಷಿಕ ಪದ ಬೇಡವೆಂದಲ್ಲ, ಪರೀಕ್ಷೆಗೆ ಅದು ಬೇಕು. ಆದರೆ ತಿಳಿವು ಬಂದ ಮೇಲೆ ಪದ ಬರಲಿ. ಈಗ ನನ್ನ ಪಾಠಯೋಜನೆಯಲ್ಲಿ ಒಂದು ಅಂಕಣ ಹೆಚ್ಚಿದೆ: ಊರಿನ ಮಾತು.