ರೋಜರ್ ಆಸ್ಕಮ್

ರೋಜರ್ ಆಸ್ಕಮ್ (ಸು. 1515 – 30 ಡಿಸೆಂಬರ್ 1568) ಇಂಗ್ಲೆಂಡಿನ ಮಾನವತಾವಾದಿ ವಿದ್ವಾಂಸ, ಗದ್ಯಲೇಖಕ ಹಾಗೂ ಒಂದನೆಯ ಎಲಿಜಬೆತ್ ರಾಣಿಯ ಗುರು. ಬಿಲ್ಲುವಿದ್ಯೆಯನ್ನು ಕುರಿತ ‘ಟಾಕ್ಸೋಫಿಲಸ್’ (1545) ಮತ್ತು ಮಕ್ಕಳ ಶಿಕ್ಷಣ, ನಡತೆಗಳನ್ನು ಕುರಿತ ‘ದಿ ಸ್ಕೂಲ್‌ಮಾಸ್ಟರ್’ (1570) ಈತನ ಮುಖ್ಯ ಕೃತಿಗಳು. ಬೆತ್ತವಿಲ್ಲದೆ ವಿದ್ಯೆ ಬಾರದೆಂಬ ನಂಬಿಕೆ ಯುರೋಪಿನ ಶಾಲೆಗಳಲ್ಲಿ ಬೇರುಬಿಟ್ಟಿದ್ದ ಕಾಲದಲ್ಲಿ, ಹೆದರಿಕೆಯು ಮಗುವಿನಲ್ಲಿ ಕಲಿಕೆಯ ಬಗ್ಗೆಯೇ ದ್ವೇಷವನ್ನು ಹುಟ್ಟಿಸುತ್ತದೆ ಎಂದು ಇಂಗ್ಲಿಷ್ ಭಾಷೆಯಲ್ಲಿ ವಿಸ್ತಾರವಾಗಿ ವಾದಿಸಿದವರಲ್ಲಿ ಈತನೂ ಒಬ್ಬ.

ಹಿನ್ನೆಲೆ

ಇಂಗ್ಲೆಂಡಿನಲ್ಲಿ ಅಚ್ಚುಕೂಟ ಆರಂಭವಾದಂದಿನಿಂದಲೂ ನೀತಿ ಮತ್ತು ನಡತೆಯ ಪುಸ್ತಕಗಳಿಗೆ ಓದುಗರಿದ್ದರು. ಮೊದಲ ಮುದ್ರಕ ವಿಲಿಯಂ ಕ್ಯಾಕ್ಸ್‌ಟನ್ 1487ರಲ್ಲಿ ‘ಬುಕ್ ಆಫ್ ಗುಡ್ ಮ್ಯಾನರ್ಸ್’ ಎಂಬ ಗ್ರಂಥವನ್ನು ಫ್ರೆಂಚಿನಿಂದ ಅನುವಾದಿಸಿ ಅಚ್ಚು ಹಾಕಿದನು. 1531ರಲ್ಲಿ ಸರ್ ಥಾಮಸ್ ಎಲಿಯಟ್‌ನ ‘ದಿ ಗವರ್ನರ್’ ಹೊರಬಂದಿತು. ಮರುವರ್ಷ ಎರಾಸ್ಮಸ್ ಮಕ್ಕಳಿಗಾಗಿ ಬರೆದ ಶಿಷ್ಟಾಚಾರದ ಪುಸ್ತಿಕೆ ಇಂಗ್ಲಿಷಿಗೆ ಬಂದಿತು. ಇವು ಊಟದ ಮೇಜಿನ ಮರ್ಯಾದೆಯಿಂದ ಹಿಡಿದು ರಾಜ್ಯಭಾರದವರೆಗೆ, ಮನುಷ್ಯ ಹೇಗಿರಬೇಕು ಎಂಬುದನ್ನು ಹೇಳುವ ಪುಸ್ತಕಗಳು. ಆಸ್ಕಮ್‌ನ ಕೃತಿಯೂ ಇದೇ ಪರಂಪರೆಗೆ ಸೇರಿದ್ದು. ಆದರೆ ಇತರರು ವಿಧಿನಿಷೇಧಗಳನ್ನು ಒಪ್ಪಿಸುತ್ತ ಹೋದರೆ, ಆಸ್ಕಮ್ ಕಲಿಸುವವನು ಮೊದಲು ಹೇಗೆ ನಡೆದುಕೊಳ್ಳಬೇಕೆಂದು ಕೇಳಿದನು.

ಜನನ ಮತ್ತು ವಿದ್ಯಾಭ್ಯಾಸ

ಆಸ್ಕಮ್ ಯಾರ್ಕ್‌ಷೈರಿನ ಕರ್ಬಿ ವಿಸ್ಕ್ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆ ಜಾನ್ ಆಸ್ಕಮ್ ಬೋಲ್ಟನ್ನಿನ ಲಾರ್ಡ್ ಸ್ಕ್ರೋಪ್‌ನ ಬಳಿ ಪಾರುಪತ್ಯಗಾರನಾಗಿದ್ದನು. ಬಾಲಕನನ್ನು ಸರ್ ಹಂಫ್ರಿ ವಿಂಗ್‌ಫೀಲ್ಡ್ ತನ್ನ ಮನೆಯಲ್ಲಿರಿಸಿಕೊಂಡು ಇತರ ಮಕ್ಕಳೊಡನೆ ಓದಿಸಿದನು. ಈ ಗೃಹಸ್ಥ ಲಂಡನ್ನಿನಿಂದ ಬರುವಾಗ ಮಕ್ಕಳಿಗೆ ಬಿಲ್ಲುಬಾಣಗಳನ್ನು ತಂದುಕೊಡುತ್ತಿದ್ದನು. ಓದು ಮತ್ತು ಆಟ ಎರಡೂ ಒಂದೇ ಮನೆಯಲ್ಲಿ, ಒಬ್ಬನೇ ಹಿರಿಯನ ಪ್ರೀತಿಯಲ್ಲಿ ದೊರೆತದ್ದು ಆಸ್ಕಮ್‌ನ ಮುಂದಿನ ಎರಡು ಗ್ರಂಥಗಳಿಗೂ ಬೀಜವಾಯಿತೆನ್ನಬಹುದು.

1530ರಲ್ಲಿ ಈತ ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜನ್ನು ಸೇರಿದನು. ಗ್ರೀಕ್ ಅಧ್ಯಯನಕ್ಕೆ ಆ ಕಾಲೇಜು ಆಗ ಹೆಸರಾಗಿತ್ತು. ಅಲ್ಲಿ ಜಾನ್ ಚೀಕ್‌ನ ಪ್ರಭಾವ ಈತನ ಮೇಲೆ ಗಾಢವಾಗಿ ಬಿದ್ದಿತು. ಪದವಿ ಪಡೆದ 1534ರಲ್ಲಿಯೇ ಫೆಲೋ ಆಗಿ ಆಯ್ಕೆಯಾದನಾದರೂ ಅದು ಸುಲಭವಾಗಿ ಬರಲಿಲ್ಲ. ಪೋಪನ ಅಧಿಕಾರದ ವಿರುದ್ಧ ಆಡಿದ ಮಾತಿಗಾಗಿ ಹಿರಿಯರು ಸಿಟ್ಟಾಗಿದ್ದರು. ಕಾಲೇಜಿನ ಮುಖ್ಯಸ್ಥ ನಿಕೊಲಸ್ ಮೆಟ್‌ಕಾಫ್ ಹಳೆಯ ಮತಕ್ಕೆ ಸೇರಿದವನಾಗಿದ್ದರೂ ಈ ಬಡ ವಿದ್ಯಾರ್ಥಿಯ ಕೈಬಿಡಲಿಲ್ಲ. ಆ ಉಪಕಾರವನ್ನು ಆಸ್ಕಮ್ ಕೊನೆಯವರೆಗೂ ನೆನೆದನು. 1537ರಲ್ಲಿ ಎಂ.ಎ. ಪದವಿ ಪಡೆದನು. ಅಕ್ಷರ ಬಹಳ ಅಂದವಾಗಿದ್ದುದರಿಂದ ವಿಶ್ವವಿದ್ಯಾನಿಲಯದ ಪತ್ರಗಳನ್ನು ಬರೆಯುವ ಕೆಲಸವೂ ಈತನ ಪಾಲಿಗೆ ಬಂದಿತು. 1546ರಲ್ಲಿ ವಿಶ್ವವಿದ್ಯಾನಿಲಯದ ಅಧಿಕೃತ ವಾಗ್ಮಿಯಾಗಿ ನೇಮಕಗೊಂಡನು.

ಟಾಕ್ಸೋಫಿಲಸ್

ವಿದ್ವಾಂಸನಾದವನು ಬಿಲ್ಲು ಹಿಡಿದು ಹೊತ್ತು ಕಳೆಯುವುದೇ ಎಂಬ ಆಕ್ಷೇಪಕ್ಕೆ ಉತ್ತರವಾಗಿ ಆಸ್ಕಮ್ 1545ರಲ್ಲಿ ‘ಟಾಕ್ಸೋಫಿಲಸ್’ ಪ್ರಕಟಿಸಿದನು. ವಿದ್ಯಾಪ್ರಿಯ ಮತ್ತು ಧನುಃಪ್ರಿಯ ಎಂಬ ಅರ್ಥದ ಹೆಸರುಳ್ಳ ಇಬ್ಬರ ಸಂವಾದವಿದು. ನಿಲ್ಲುವುದು, ಬಾಣ ಹೂಡುವುದು, ಹೆದೆ ಸೆಳೆಯುವುದು, ತಡೆದು ಹಿಡಿಯುವುದು, ಬಿಡುವುದು ಎಂಬ ಐದು ಹಂತಗಳನ್ನು ಇದರಲ್ಲಿ ಬಿಡಿಸಿ ವಿವರಿಸಿದೆ. ಗಾಳಿಯ ಬಗ್ಗೆ ಬರೆಯುವಲ್ಲಿ, ಯಾರ್ಕ್‌ಷೈರಿನ ಹೆದ್ದಾರಿಯಲ್ಲಿ ಕುದುರೆಯ ಮೇಲೆ ಹೋಗುತ್ತಿದ್ದಾಗ ನೆಲದ ಹಿಮದ ಪುಡಿಯನ್ನು ಗಾಳಿ ಹೊತ್ತೊಯ್ಯುವುದನ್ನು ಕಂಡು, ಕಣ್ಣಿಗೆ ಕಾಣದ ಗಾಳಿಯ ಚಲನೆಯನ್ನು ಗುರುತಿಸಿದ ಭಾಗ ಬಹಳ ಸೊಗಸಾಗಿದೆ.

ಲ್ಯಾಟಿನ್ನಿನಲ್ಲಿ ಬರೆದಿದ್ದರೆ ವಿದ್ವಾಂಸರ ಮೆಚ್ಚುಗೆ ಹೆಚ್ಚಾಗಿ ಸಿಗುತ್ತಿತ್ತು. ಆದರೆ ಬಿಲ್ಲು ಹಿಡಿಯುವವರು ಓದಬೇಕೆಂಬ ಉದ್ದೇಶದಿಂದ ಆಸ್ಕಮ್ ಬೇಕೆಂದೇ ಇಂಗ್ಲಿಷನ್ನು ಆರಿಸಿಕೊಂಡನು. ಗ್ರಂಥವನ್ನು ಸ್ವೀಕರಿಸಿದ ಎಂಟನೆಯ ಹೆನ್ರಿ ವರ್ಷಕ್ಕೆ 10 ಪೌಂಡುಗಳ ವರ್ಷಾಶನವನ್ನು ದಯಪಾಲಿಸಿದನು.

ರಾಜಕುಮಾರಿಯ ಗುರು

ಆಸ್ಕಮ್‌ನ ಪ್ರಿಯಶಿಷ್ಯ ವಿಲಿಯಂ ಗ್ರಿಂಡಲ್ ರಾಜಕುಮಾರಿ ಎಲಿಜಬೆತ್‌ಗೆ ಪಾಠ ಹೇಳುತ್ತಿದ್ದನು. 1548ರ ಆರಂಭದಲ್ಲಿ ಆತ ಪ್ಲೇಗಿನಿಂದ ತೀರಿಕೊಂಡನು. ರಾಜಕುಮಾರಿಯ ಪೋಷಕರು ಬೇರೊಬ್ಬನನ್ನು ನೇಮಿಸಲು ಬಯಸಿದ್ದರೂ, ಹದಿನಾಲ್ಕರ ಎಲಿಜಬೆತ್ ತನಗೆ ಆಸ್ಕಮ್ ಬೇಕೆಂದು ಹಟ ಹಿಡಿದು ಪಡೆದಳು. ಬೆಳಗ್ಗೆ ಗ್ರೀಕ್ ಹೊಸ ಒಡಂಬಡಿಕೆ, ಅನಂತರ ಐಸಾಕ್ರಟೀಸ್ ಮತ್ತು ಸಾಫೊಕ್ಲೀಸ್, ಲ್ಯಾಟಿನ್ನಿನಲ್ಲಿ ಸಿಸೆರೊ ಹಾಗೂ ಲಿವಿ – ಹೀಗೆ ಪಾಠ ಸಾಗುತ್ತಿತ್ತು. ಸುಮಾರು ಎರಡು ವರ್ಷಗಳ ಅನಂತರ ಮನೆವಾರ್ತೆಯ ಅಧಿಕಾರಿಯೊಡನೆ ಬಂದ ಮನಸ್ತಾಪದಿಂದ ಆಸ್ಕಮ್ ಆ ಕೆಲಸವನ್ನು ಬಿಟ್ಟು ಕೇಂಬ್ರಿಜ್‌ಗೆ ಹಿಂತಿರುಗಿದನು.

ಬ್ರಾಡ್‌ಗೇಟ್ ಭೇಟಿ ಮತ್ತು ವಿದೇಶವಾಸ

1550ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸನ ಆಸ್ಥಾನಕ್ಕೆ ಹೊರಟಿದ್ದ ರಾಯಭಾರಿ ಸರ್ ರಿಚರ್ಡ್ ಮಾರಿಸನ್‌ನ ಕಾರ್ಯದರ್ಶಿಯಾಗಿ ಆಸ್ಕಮ್ ನೇಮಕಗೊಂಡನು. ಹೊರಡುವ ಮೊದಲು ಲೆಸ್ಟರ್‌ಷೈರಿನ ಬ್ರಾಡ್‌ಗೇಟ್‌ಗೆ ಹೋಗಿ ಲೇಡಿ ಜೇನ್ ಗ್ರೇಯನ್ನು ಕಂಡನು. ಮನೆಮಂದಿಯೆಲ್ಲ ಬೇಟೆಗೆ ಹೋಗಿದ್ದರು. ಹದಿಹರೆಯದ ಆ ಬಾಲೆ ಒಬ್ಬಳೇ ಕುಳಿತು ಪ್ಲೇಟೋನ ‘ಫೀಡೊ’ವನ್ನು ಮೂಲ ಗ್ರೀಕ್‌ನಲ್ಲಿ ಓದುತ್ತಿದ್ದಳು. ಬೇಟೆಯ ಸಂತೋಷವನ್ನು ಏಕೆ ಬಿಟ್ಟೆಯೆಂದು ಕೇಳಿದಾಗ, ತಂದೆತಾಯಿಗಳ ಮುಂದೆ ನಿಂತರೂ ಕುಳಿತರೂ ಬೈಗುಳ, ಚಿವುಟು, ಪೆಟ್ಟುಗಳೇ ದೊರೆಯುತ್ತವೆಂದೂ ಮೃದುಸ್ವಭಾವದ ಗುರು ಎಲ್ಮರನ ಬಳಿ ಇರುವ ಹೊತ್ತು ಮಾತ್ರ ನೆಮ್ಮದಿಯೆಂದೂ ಅವಳು ತಿಳಿಸಿದಳು. ಮುಂದೆ ಒಂಬತ್ತು ದಿನಗಳ ರಾಣಿಯೆನಿಸಿದ ಜೇನ್, 1554ರ ಫೆಬ್ರವರಿಯಲ್ಲಿ ವಧೆಗೊಳಗಾದಳು. ಆಸ್ಕಮ್‌ನಿಗೆ ಅದೇ ಅವಳ ಕೊನೆಯ ದರ್ಶನವಾಯಿತು. ಹತ್ತಾರು ವರ್ಷಗಳ ಅನಂತರ ಈ ಸಂಭಾಷಣೆಯನ್ನು ತನ್ನ ಗ್ರಂಥದಲ್ಲಿ ಸೇರಿಸಿದಾಗ ಅದು ಕೇವಲ ನಿದರ್ಶನವಾಗಿ ಉಳಿಯಲಿಲ್ಲ. ಇಡೀ ವಾದಕ್ಕೆ ಸಾಕ್ಷಿಯಾಯಿತು.

ಆಸ್ಕಮ್ ಸುಮಾರು ಮೂರು ವರ್ಷ ಜರ್ಮನಿಯಲ್ಲಿದ್ದು, ಅಲ್ಲಿನ ರಾಜಕೀಯದ ಬಗ್ಗೆ ಒಂದು ವರದಿಯನ್ನೂ ಬರೆದನು. ಇಟಲಿಯಲ್ಲಿ ಇದ್ದುದು ಒಂಬತ್ತೇ ದಿನ.

ಮತಾಂತರಗಳ ನಡುವೆ

1553ರಲ್ಲಿ ಆರನೆಯ ಎಡ್ವರ್ಡ್ ತೀರಿಕೊಂಡು ಕ್ಯಾಥೊಲಿಕ್ ಮತದ ಮೇರಿ ಪಟ್ಟಕ್ಕೆ ಬಂದಳು. ಪ್ರಾಟೆಸ್ಟಂಟರು ಹಲವರು ದೇಶ ಬಿಟ್ಟರು, ಹಲವರು ಬೆಂಕಿಗೆ ಬಿದ್ದರು. ಪ್ರಾಟೆಸ್ಟಂಟನೆಂದು ಎಲ್ಲರಿಗೂ ತಿಳಿದಿದ್ದ ಆಸ್ಕಮ್ ಮಾತ್ರ ಬಿಷಪ್ ಗಾರ್ಡಿನರ್‌ನ ಬೆಂಬಲದಿಂದ 1554ರಲ್ಲಿ ರಾಣಿಯ ಲ್ಯಾಟಿನ್ ಕಾರ್ಯದರ್ಶಿಯಾದನು. ಅದೇ ವರ್ಷ ಮಾರ್ಗರೆಟ್ ಹೌ ಎಂಬುವಳನ್ನು ಮದುವೆಯಾದನು. ಲ್ಯಾಟಿನ್ನಿನಲ್ಲಿ ಅವನಂತೆ ಪತ್ರ ಬರೆಯಬಲ್ಲವರು ವಿರಳವಾಗಿದ್ದುದು ಈ ರಕ್ಷಣೆಗೆ ಒಂದು ಕಾರಣ. ಬಾಯಿ ಬಿಗಿಹಿಡಿದುಕೊಂಡದ್ದು ಇನ್ನೊಂದು. ನೀತಿಯ ಬಗ್ಗೆ ಬರೆದವನ ಬಾಳಿನಲ್ಲಿ ಈ ಐದು ವರ್ಷಗಳ ಮೌನವನ್ನು ಧೈರ್ಯವೆನ್ನಲಾಗದು. ಆದರೆ ಸಂಸಾರ ಹೊತ್ತ ಬಡ ವಿದ್ವಾಂಸನಿಗೆ ಇದ್ದ ದಾರಿಗಳೂ ಹೆಚ್ಚಿರಲಿಲ್ಲ. 1558ರಲ್ಲಿ ಎಲಿಜಬೆತ್ ರಾಣಿಯಾದಾಗ ಅದೇ ಹುದ್ದೆಯಲ್ಲಿ ಮುಂದುವರಿದು, ಹಳೆಯ ಶಿಷ್ಯೆಯೊಡನೆ ಮತ್ತೆ ಗ್ರೀಕ್ ಓದತೊಡಗಿದನು.

ವಿಂಡ್ಸರ್‌ನ ಭೋಜನ

1563ರಲ್ಲಿ ಲಂಡನ್ನಿನಲ್ಲಿ ಪ್ಲೇಗು ಹಬ್ಬಿ ಆಸ್ಥಾನ ವಿಂಡ್ಸರ್ ಕೋಟೆಗೆ ಸ್ಥಳಾಂತರಗೊಂಡಿತ್ತು. ಡಿಸೆಂಬರ್ 10ರಂದು ಮಂತ್ರಿ ವಿಲಿಯಂ ಸೆಸಿಲ್‌ನ ಕೊಠಡಿಯಲ್ಲಿ ಹಲವು ಗಣ್ಯರು ಊಟಕ್ಕೆ ಸೇರಿದ್ದರು. ಏಟಿನ ಭಯದಿಂದ ಈಟನ್ ಶಾಲೆಯ ಕೆಲವು ಹುಡುಗರು ಓಡಿಹೋದ ಸುದ್ದಿ ಅಂದು ಬೆಳಗ್ಗೆ ಬಂದಿತ್ತು. ಉಪಾಧ್ಯಾಯರಿಗೆ ಇನ್ನಷ್ಟು ವಿವೇಚನೆ ಇರಬೇಕೆಂದು ಸೆಸಿಲ್ ಹೇಳಿದನು. ಸರ್ ವಿಲಿಯಂ ಪೀಟರ್ ಬೆತ್ತವೇ ಶಾಲೆಯನ್ನು ನಡೆಸುವ ಖಡ್ಗವೆಂಬ ಪಕ್ಷ ವಹಿಸಿದನು. ವಾಲ್ಟರ್ ಹ್ಯಾಡನ್ ತನ್ನ ಕಾಲದ ಅತ್ಯುತ್ತಮ ಉಪಾಧ್ಯಾಯನೇ ಅತ್ಯಂತ ಹೊಡೆಯುವವನೂ ಆಗಿದ್ದನೆಂದು ನೆನಪಿಸಿದನು. ಆ ಶಾಲೆಯಿಂದ ಒಳ್ಳೆಯ ವಿದ್ವಾಂಸ ಬಂದಿದ್ದರೆ ಅದು ಹುಡುಗನ ಬುದ್ಧಿಯಿಂದಲೇ ಹೊರತು ಗುರುವಿನ ಪೆಟ್ಟಿನಿಂದಲ್ಲವೆಂದು ಆಸ್ಕಮ್ ಪ್ರತಿವಾದಿಸಿದನು.

ಊಟದ ಅನಂತರ ಆಸ್ಕಮ್ ಮೇಲಿನ ಕೋಣೆಗೆ ಹೋಗಿ ರಾಣಿಯೊಡನೆ ಡೆಮಾಸ್ತನೀಸ್‌ನ ಭಾಷಣವೊಂದನ್ನು ಓದಿದನು. ಊಟದ ವೇಳೆ ಮಾತಾಡದೆ ಕುಳಿತಿದ್ದ ಖಜಾನೆಯ ಅಧಿಕಾರಿ ಸರ್ ರಿಚರ್ಡ್ ಸ್ಯಾಕ್‌ವಿಲ್ ಬಳಿಕ ಅವನನ್ನು ಕಿಟಕಿಯ ಪಕ್ಕಕ್ಕೆ ಕರೆದು ತನ್ನ ಕತೆಯನ್ನು ಹೇಳಿಕೊಂಡನು. ಹದಿನಾಲ್ಕು ತುಂಬುವ ಮೊದಲೇ ಒಬ್ಬ ಮೂಢ ಉಪಾಧ್ಯಾಯ ಹೊಡೆದು ಹೊಡೆದು ತನ್ನಲ್ಲಿದ್ದ ವಿದ್ಯಾಪ್ರೀತಿಯನ್ನೆಲ್ಲ ಅಳಿಸಿಹಾಕಿದನೆಂದೂ, ಅದರ ನಷ್ಟ ಮುಪ್ಪಿನಲ್ಲಿ ಅರಿವಿಗೆ ಬಂದಿದೆಯೆಂದೂ ಹೇಳಿ, ಮೊಮ್ಮಗ ರಾಬರ್ಟ್‌ನಿಗೆ ಅಂಥ ಗತಿ ಬರಬಾರದೆಂದು ಬೇಡಿದನು. ಆಸ್ಕಮ್‌ನ ಮಗ ಗೈಲ್ಸ್ ಮತ್ತು ರಾಬರ್ಟ್ ಇಬ್ಬರನ್ನೂ ಒಟ್ಟಿಗೆ ಓದಿಸಲು ತಾನು ಖರ್ಚು ಕೊಡುವೆನೆಂದೂ, ಬೋಧನಾಕ್ರಮವನ್ನು ಬರೆದುಕೊಡಬೇಕೆಂದೂ ಕೋರಿದನು. ‘ದಿ ಸ್ಕೂಲ್‌ಮಾಸ್ಟರ್’ ಹುಟ್ಟಿದ್ದು ಹೀಗೆ.

ದಿ ಸ್ಕೂಲ್‌ಮಾಸ್ಟರ್

ಗ್ರಂಥದಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಮಕ್ಕಳ ಪಾಲನೆ ಮತ್ತು ನಡತೆಗೆ, ಎರಡನೆಯದು ಲ್ಯಾಟಿನ್ ಕಲಿಕೆಗೆ ಮೀಸಲು. ಆಸ್ಕಮ್‌ನ ಕ್ರಮದಲ್ಲಿ ಗುರು ಮೊದಲು ಸಿಸೆರೊನ ಒಂದು ಚಿಕ್ಕ ಪತ್ರವನ್ನು ಪ್ರೀತಿಯಿಂದ ಅರ್ಥಮಾಡಿಸುತ್ತಾನೆ. ಹುಡುಗ ಅದನ್ನು ಒಂದು ಪುಸ್ತಕದಲ್ಲಿ ಇಂಗ್ಲಿಷಿಗೆ ಅನುವಾದಿಸುತ್ತಾನೆ. ಒಂದು ಗಂಟೆಯಾದರೂ ಕಳೆದ ಮೇಲೆ, ಮೂಲವನ್ನು ನೋಡದೆ, ತನ್ನ ಇಂಗ್ಲಿಷನ್ನು ಇನ್ನೊಂದು ಪುಸ್ತಕದಲ್ಲಿ ಮರಳಿ ಲ್ಯಾಟಿನ್ನಿಗೆ ತಿರುಗಿಸುತ್ತಾನೆ. ಆಮೇಲೆ ಗುರು ಎರಡನ್ನೂ ಪಕ್ಕದಲ್ಲಿಟ್ಟು, ಸರಿಯಾದುದನ್ನು ಮೊದಲು ಹೊಗಳಿ, ತಪ್ಪಿದ ಕಡೆ ಸಿಸೆರೊ ಬಳಸಿದ ಪದವನ್ನು ತೋರಿಸುತ್ತಾನೆ. ಇಲ್ಲಿ ತಪ್ಪು ದಂಡನೆಗೆ ಕಾರಣವಲ್ಲ, ಮುಂದಿನ ಪಾಠಕ್ಕೆ ಆಧಾರ. ಎಲಿಜಬೆತ್‌ಗೆ ಕಲಿಸಿದ್ದೂ ಇದೇ ವಿಧಾನದಿಂದ.

ಚುರುಕುಬುದ್ಧಿಯ ಮಕ್ಕಳನ್ನು ಮೆಚ್ಚಿ ನಿಧಾನಬುದ್ಧಿಯವರನ್ನು ಹೊಡೆಯುವ ವಾಡಿಕೆಯನ್ನು ಆಸ್ಕಮ್ ತೀವ್ರವಾಗಿ ಖಂಡಿಸುತ್ತಾನೆ. ಬೇಗ ಹಿಡಿಯುವವರು ಬೇಗ ಬಿಡುತ್ತಾರೆ. ಕಷ್ಟಪಟ್ಟು ಕಲಿತವರು ಉಳಿಸಿಕೊಳ್ಳುತ್ತಾರೆ ಎಂಬುದು ಅವನ ಅನುಭವ. ಶ್ರೀಮಂತರು ಕುದುರೆ ಪಳಗಿಸುವವನಿಗೆ ವರ್ಷಕ್ಕೆ 200 ಕ್ರೌನ್ ಕೊಡಲು ಹಿಂಜರಿಯದೆ, ಮಗನ ಗುರುವಿಗೆ 200 ಶಿಲಿಂಗ್ ಕೊಡಲು ಮುಖ ಸಿಂಡರಿಸುತ್ತಾರೆಂಬ ಅವನ ಆರೋಪದಲ್ಲಿ ಸ್ವಾನುಭವದ ಕಹಿಯೂ ಇದ್ದೀತು. ಹದಿನೇಳರಿಂದ ಇಪ್ಪತ್ತೇಳರವರೆಗಿನ ಪ್ರಾಯವೇ ಅತ್ಯಂತ ಅಪಾಯದ್ದೆಂದೂ, ಆಸ್ಥಾನದಲ್ಲಿ ನಾಚಿಕೆಯನ್ನೇ ಹಳ್ಳಿಗಾಡಿನ ಲಕ್ಷಣವೆಂದು ನಗುವಂತಾಗಿದೆಯೆಂದೂ ಅವನು ಮರುಗುತ್ತಾನೆ.

ಇಟಲಿಯ ವಿಷಯದಲ್ಲಿ ಆಸ್ಕಮ್‌ನ ತೀರ್ಪು ಏಕಪಕ್ಷೀಯವಾದದ್ದು. ತರುಣರು ಅಲ್ಲಿಗೆ ಹೋಗಿ ಧರ್ಮವನ್ನೂ ನಡತೆಯನ್ನೂ ಕಳೆದುಕೊಂಡು ಬರುತ್ತಾರೆಂದು ಪುಟಗಟ್ಟಲೆ ಬರೆದವನು ಅಲ್ಲಿದ್ದುದು ಒಂಬತ್ತು ದಿನ ಮಾತ್ರ. ಆದರೂ ಇಟಲಿಯವನೇ ಆದ ಕಾಸ್ಟಿಲ್ಯೋನೆಯ ಶಿಷ್ಟಾಚಾರ ಗ್ರಂಥವನ್ನು ಥಾಮಸ್ ಹೋಬಿಯ 1561ರ ಅನುವಾದದಲ್ಲಿ ಮನೆಯಲ್ಲೇ ಓದುವುದು ಪ್ರವಾಸಕ್ಕಿಂತ ಮೇಲೆಂದು ಹೊಗಳುತ್ತಾನೆ. ಕ್ಯಾಕ್ಸ್‌ಟನ್ ಅಚ್ಚು ಹಾಕಿದ ಆರ್ಥರ್ ರಾಜನ ಕತೆಗಳನ್ನು ಕೊಲೆ ಮತ್ತು ವ್ಯಭಿಚಾರಗಳ ಕಂತೆಯೆಂದು ತಳ್ಳಿಹಾಕಿರುವುದೂ ಇದೇ ಭಾಗದಲ್ಲಿದೆ. ಕಾವ್ಯರಸಿಕರು ಈ ಮಾತನ್ನು ಮನ್ನಿಸಿಲ್ಲ.

ಕೊನೆಯ ದಿನಗಳು

1566ರಲ್ಲಿ ಸ್ಯಾಕ್‌ವಿಲ್ ತೀರಿಕೊಂಡಾಗ ಆಸ್ಕಮ್ ದುಃಖದಿಂದ ಬರವಣಿಗೆಯನ್ನು ಬದಿಗಿಟ್ಟನು; ಕೆಲಕಾಲದ ಅನಂತರ ಮತ್ತೆ ಕೈಗೆತ್ತಿಕೊಂಡನು. ರಾಣಿಯಿಂದ ವರ್ಷಾಶನವೂ ವೆಟ್‌ವಾಂಗ್‌ನ ಚರ್ಚಿನ ಆದಾಯವೂ ಬರುತ್ತಿದ್ದರೂ ಸಾಲ ತೀರಲಿಲ್ಲ. ದಾಳದ ಜೂಜು ಮತ್ತು ಕೋಳಿ ಕಾಳಗದ ಚಟವೇ ಇದಕ್ಕೆ ಕಾರಣವೆಂದು ಇತಿಹಾಸಕಾರ ವಿಲಿಯಂ ಕ್ಯಾಮ್‌ಡನ್ ಬರೆದಿದ್ದಾನೆ. ‘ಟಾಕ್ಸೋಫಿಲಸ್’ನಲ್ಲಿ ಜೂಜನ್ನು ಕಟುವಾಗಿ ನಿಂದಿಸಿದವನು ಇದೇ ಆಸ್ಕಮ್. ಕೋಳಿ ಕಾಳಗವನ್ನಂತೂ ಅವನು ಮುಚ್ಚಿಡಲಿಲ್ಲ; ಅದರ ಬಗ್ಗೆ ಒಂದು ಪುಸ್ತಕ ಬರೆಯುವುದಾಗಿ ‘ದಿ ಸ್ಕೂಲ್‌ಮಾಸ್ಟರ್’ನಲ್ಲಿಯೇ ಮಾತು ಕೊಟ್ಟಿದ್ದಾನೆ.

1568ರ ಕೊನೆಯಲ್ಲಿ, ಹೊಸ ವರ್ಷಕ್ಕೆ ರಾಣಿಗೆ ಅರ್ಪಿಸಬೇಕಾಗಿದ್ದ ಲ್ಯಾಟಿನ್ ಪದ್ಯಕ್ಕಾಗಿ ರಾತ್ರಿ ನಿದ್ದೆಗೆಟ್ಟು ಜ್ವರ ಏರಿತು. ಡಿಸೆಂಬರ್ 30ರಂದು ಮರಣಹೊಂದಿದನು. ಲಂಡನ್ನಿನ ಸೇಂಟ್ ಸೆಪಲ್ಕರ್ ಚರ್ಚಿನಲ್ಲಿ ಸಮಾಧಿಯಾಯಿತು. ಆಸ್ಕಮ್‌ನನ್ನು ಕಳೆದುಕೊಳ್ಳುವುದಕ್ಕಿಂತ ಹತ್ತು ಸಾವಿರ ಪೌಂಡುಗಳನ್ನು ಸಮುದ್ರಕ್ಕೆ ಎಸೆಯುವುದೇ ಲೇಸಾಗಿತ್ತೆಂದು ರಾಣಿ ಹೇಳಿದಳೆಂಬ ಪ್ರತೀತಿಯಿದೆ. ಬದುಕಿದ್ದಾಗ ಅದರ ಅಲ್ಪಾಂಶವೂ ಅವನಿಗೆ ದಕ್ಕಿರಲಿಲ್ಲ.

ಪ್ರಕಟಣೆ ಮತ್ತು ಪ್ರಭಾವ

ಹಸ್ತಪ್ರತಿ ಅಪೂರ್ಣವಾಗಿ ಉಳಿದಿತ್ತು. ಲ್ಯಾಟಿನ್ ಲೇಖಕರ ವಿಮರ್ಶೆ ಸೀಸರನ ಬಳಿಗೆ ಬಂದು ನಿಂತುಹೋಗಿದೆ. ಮಕ್ಕಳೊಡನೆ ನಿರ್ಗತಿಕಳಾಗಿದ್ದ ಮಾರ್ಗರೆಟ್ ಅದನ್ನು ಸೆಸಿಲ್‌ನಿಗೆ ಅರ್ಪಿಸಿ 1570ರಲ್ಲಿ ಮುದ್ರಕ ಜಾನ್ ಡೇ ಮೂಲಕ ಪ್ರಕಟಿಸಿದಳು. ಮರುವರ್ಷವೇ ಮರುಮುದ್ರಣವಾಯಿತು. ಮಗ ಗೈಲ್ಸ್ ಮುಂದೆ ಕೇಂಬ್ರಿಜ್‌ನಲ್ಲಿ ಓದಿದನು.

ಗ್ರಂಥದಲ್ಲಿ ಉತ್ತಮ ವಿದ್ಯಾರ್ಥಿಗೆ ಕೊಟ್ಟಿದ್ದ ‘ಯೂಫ್ಯೂಸ್’ ಎಂಬ ಗ್ರೀಕ್ ವಿಶೇಷಣವನ್ನು ಜಾನ್ ಲಿಲಿ 1578ರಲ್ಲಿ ತನ್ನ ಕಥಾನಾಯಕನಿಗೆ ಹೆಸರಾಗಿಟ್ಟನು. ಆಡಂಬರವಿಲ್ಲದ ಇಂಗ್ಲಿಷ್ ಗದ್ಯದ ಆರಂಭಿಕರಲ್ಲಿ ಆಸ್ಕಮ್‌ನನ್ನು ಎಣಿಸುತ್ತಾರೆ. 1761ರಲ್ಲಿ ಹೊರಬಂದ ಅವನ ಇಂಗ್ಲಿಷ್ ಕೃತಿಗಳ ಸಂಪುಟಕ್ಕೆ ಸ್ಯಾಮ್ಯುಯೆಲ್ ಜಾನ್ಸನ್ ಜೀವನಚರಿತ್ರೆಯನ್ನು ಬರೆದುಕೊಟ್ಟನು. ಬಿಲ್ಲುಗಾರಿಕೆಯ ಹವ್ಯಾಸಿಗಳಿಗೆ ಇಂಗ್ಲಿಷಿನಲ್ಲಿ ಬಳಕೆಯಲ್ಲಿರುವ ‘ಟಾಕ್ಸೋಫಿಲೈಟ್’ ಎಂಬ ಪದ ಬಂದದ್ದು ಅವನ ಮೊದಲ ಪುಸ್ತಕದ ಹೆಸರಿನಿಂದ. 1781ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಬಿಲ್ಲುಗಾರರ ಸಂಘವೂ ಆ ಹೆಸರನ್ನೇ ಇಟ್ಟುಕೊಂಡಿದೆ.