ಹುದುಗಿನ ಗುಟ್ಟು ಬಿಡಿಸಿದ ಲೂಯಿ ಪಾಶ್ಚರ್

ಮುಂಬಯಿಗೆ ಬಂದು ನೆಲಸಿದ ನಮ್ಮ ಕನ್ನಡ ಮನೆಗಳಲ್ಲಿ ಇಡ್ಲಿಯ ಜೊತೆಗೆ ಪಾವಿಗೂ ಸ್ಥಳ ದೊರೆತಿದೆ. ಮಲಾಡಿನ ಬೇಕರಿಯಲ್ಲಿ ನಾದಿಟ್ಟ ಮೈದಾಹಿಟ್ಟು ಉಬ್ಬಿ ಇಮ್ಮಡಿಯಾಗುವುದರ ಹಿಂದಿನ ಗುಟ್ಟನ್ನು ಜಗತ್ತಿಗೆ ಮನಗಾಣಿಸಿದವರು ಫ್ರಾನ್ಸಿನ ಲೂಯಿ ಪಾಶ್ಚರ್.

1822ರ ಡಿಸೆಂಬರ್ 27ರಂದು ದೋಲ್ ಎಂಬ ಊರಿನಲ್ಲಿ, ಚರ್ಮ ಹದಮಾಡುವವರೊಬ್ಬರ ಮಗನಾಗಿ ಜನಿಸಿದ ಇವರು 1854ರಲ್ಲಿ ಲೀಲ್ ನಗರದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದರು. 1856ರಲ್ಲಿ ಬಿಗೋ ಎಂಬ ಮದ್ಯಸಾರದ ಕಾರಖಾನೆದಾರರು, ಬೀಟ್‌ರೂಟಿನ ರಸ ತೊಟ್ಟಿಗಳಲ್ಲಿ ಹುಳಿಯಾಗಿ ನಷ್ಟವಾಗುತ್ತಿದೆಯೆಂದು ಇವರಲ್ಲಿ ಮೊರೆಯಿಟ್ಟರು. ಪಾಶ್ಚರರು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಳ್ಳೆಯ ರಸದಲ್ಲಿ ದುಂಡನೆಯ ಯೀಸ್ಟ್ ಕಣಗಳೂ ಕೆಟ್ಟ ರಸದಲ್ಲಿ ಉದ್ದನೆಯ ಕಣಗಳೂ ಕಂಡುವು.

ಯೀಸ್ಟ್ ಸಜೀವವೆಂದು 1837ರಲ್ಲಿಯೇ ಕೆಲವರು ಸಾರಿದ್ದರೂ ಜರ್ಮನಿಯ ಲೀಬಿಗ್‌ರಂಥ ಘನವಿದ್ವಾಂಸರು ಒಪ್ಪಿರಲಿಲ್ಲ. ಕೊಳೆಯುವ ಪದಾರ್ಥವು ತನ್ನೊಡನೆ ಸಕ್ಕರೆಯನ್ನೂ ಒಡೆಯುತ್ತದೆ, ಅಷ್ಟೇ ಎಂಬುದು ಅವರ ವಾದ. ಸಕ್ಕರೆಯು ಮದ್ಯಸಾರವಾಗಿಯೂ ಇಂಗಾಲಾಮ್ಲ ವಾಯುವಾಗಿಯೂ ಮಾರ್ಪಡುವುದೆಂಬ ಹಳೆಯ ಜಮಾಖರ್ಚು ಹೊಂದಿದಂತೆಯೇ ಕಂಡಿತ್ತು. ದಿನವಿಡೀ ಲೆಡ್ಜರಿನೆದುರು ಕುಳಿತಿರುವ ನನಗೆ ಪಾಶ್ಚರರ ಮೇಲೆ ಗೌರವ ಹೆಚ್ಚುವುದು ಇಲ್ಲಿಯೇ. ಹೊಂದಿದ ಲೆಕ್ಕವನ್ನು ಅವರು ಮತ್ತೆ ತಪಾಸಿಸಿದರು. ಗ್ಲಿಸರಿನ್, ಸಕ್ಸಿನಿಕ್ ಆಮ್ಲವೆಂಬ ಬಿಟ್ಟುಹೋದ ಬಾಬುಗಳನ್ನು ಹುಡುಕಿ ತೆಗೆದರು. ಸಕ್ಕರೆಯ ಒಂದಂಶ ಯೀಸ್ಟಿನ ಮೈಗೂಡಿದ್ದನ್ನೂ 1860ರಲ್ಲಿ ತೋರಿಸಿಕೊಟ್ಟರು. ಕೊಳೆಯುವ ವಸ್ತು ಎಲ್ಲಿಯಾದರೂ ಮೈ ಬೆಳೆಸೀತೆ?

ಗಾಳಿ ಸಿಗದ ಕಡೆ ಯೀಸ್ಟ್ ತಾನು ಬೆಳೆಯುವುದು ಕಡಿಮೆ, ಸಕ್ಕರೆ ಮುಗಿಸುವುದು ಹೆಚ್ಚು ಎಂದು ಮರುವರ್ಷ ಅವರು ಕಂಡರು. ನಾದಿದ ಹಿಟ್ಟಿನ ಒಡಲಿನಲ್ಲಿ ನಡೆಯುವುದೂ ಇದೇ. ಆಗ ಹೊರಡುವ ವಾಯುವನ್ನು ಗೋಧಿಯ ಅಂಟು ಗುಳ್ಳೆಗುಳ್ಳೆಯಾಗಿ ಹಿಡಿದಿಡುತ್ತದೆ; ಮದ್ಯಸಾರ ಭಟ್ಟಿಯ ಕಾವಿಗೆ ಬಹುಮಟ್ಟಿಗೆ ಆರಿಹೋಗುತ್ತದೆ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಸಾನ್ನಾಂ ಹಿಟ್ಟಿಗೆ ಕಳ್ಳು ಬೆರೆಸುವುದೂ ಅದರಲ್ಲಿರುವ ಯೀಸ್ಟಿಗಾಗಿಯೇ. (ಇಡ್ಲಿಯ ಮಾತು ಬೇರೆ, ಅಲ್ಲಿ ಬ್ಯಾಕ್ಟೀರಿಯಾಗಳದೇ ಮೇಲುಗೈ.)

ಈ ಕೀರ್ತಿಯ ನಡುವೆ ಮನೆಯಲ್ಲಿ ಮೂವರು ಹೆಣ್ಣುಮಕ್ಕಳು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ಇಬ್ಬರನ್ನು ಒಯ್ದದ್ದು ವಿಷಮಶೀತ ಜ್ವರ. 1868ರಲ್ಲಿ ಪಾಶ್ಚರರ ಎಡಭಾಗಕ್ಕೆ ಪಾರ್ಶ್ವವಾಯು ಬಡಿಯಿತು. ಆದರೂ ದುಡಿದು, 1885ರಲ್ಲಿ ಹುಚ್ಚುನಾಯಿ ಕಡಿದ ಬಾಲಕನಿಗೆ ಲಸಿಕೆ ಕೊಡಿಸಿದರು. 1895ರ ಸೆಪ್ಟೆಂಬರ್ 28ರಂದು ನಿಧನರಾದರು.

ಎರಡು ವರ್ಷಗಳ ಬಳಿಕ ಬುಖ್ನರ್ ಎಂಬವರು ಯೀಸ್ಟನ್ನು ಅರೆದು ಹಿಂಡಿದ ನಿರ್ಜೀವ ರಸವೂ ಸಕ್ಕರೆಯನ್ನು ಹುದುಗಿಸುವುದೆಂದು ತೋರಿಸಿದರು. ಲೀಬಿಗರ ಪಕ್ಷಕ್ಕೂ ಅರ್ಧ ನ್ಯಾಯ ಸಿಕ್ಕಿತೆನ್ನಬೇಕು! ಅದೇ 1897ರ ಜನವರಿಯಲ್ಲಿ, ಪಾಶ್ಚರರ ಸಂಸ್ಥೆಯಲ್ಲಿ ಪಳಗಿದ ಹಾಫ್‌ಕಿನ್, ಪ್ಲೇಗಿನಿಂದ ತತ್ತರಿಸಿದ್ದ ನಮ್ಮ ಮುಂಬಯಿಯಲ್ಲಿ ಹೊಸ ಲಸಿಕೆಯನ್ನು ಮೊದಲು ತಮಗೇ ಚುಚ್ಚಿಕೊಂಡರು. ಪರೇಲಿನ ಹಾಫ್‌ಕಿನ್ ಸಂಸ್ಥೆಗೆ ಇರುವುದು ಅವರದೇ ಹೆಸರು.