ಕೀಲಿ ತೂರಿಸಿದರೆ ದಿನಸಿ: ಈ ಅಂಗಡಿ 1937ರಲ್ಲೇ ಇತ್ತು! ಯಾರು ಈ ಕ್ಲಾರೆನ್ಸ್ ಸಾಂಡರ್ಸ್?

ಮೊಬೈಲಿನಲ್ಲಿ ಸಾಮಾನು ಆರಿಸಿ, ಅಂಗಡಿಗೆ ಹೋಗಿ ತುಂಬಿಟ್ಟ ಚೀಲವನ್ನಷ್ಟೇ ಎತ್ತಿಕೊಂಡು ಬರುವ ಪದ್ಧತಿ ಇಂಟರ್ನೆಟ್ ಬಂದ ಮೇಲೆ ಹುಟ್ಟಿದ್ದು ಎಂದು ನಮ್ಮಲ್ಲಿ ಅನೇಕರು ಅಂದುಕೊಂಡಿದ್ದೇವೆ. ಆದರೆ ಅಮೆರಿಕದ ದಿನಸಿ ವ್ಯಾಪಾರಿಯೊಬ್ಬರು ಇದೇ ವಿಚಾರವನ್ನು ಕಂಪ್ಯೂಟರ್, ಫೋನ್ ಆ್ಯಪ್ ಯಾವುದೂ ಇಲ್ಲದ ಕಾಲದಲ್ಲಿ ಅಂಗಡಿಯಾಗಿ ಕಟ್ಟಿ ತೋರಿಸಿದ್ದರು. ಅವರೇ ಕ್ಲಾರೆನ್ಸ್ ಸಾಂಡರ್ಸ್. ಅವರ ಅಂಗಡಿ ಸೋತಿತು. ಅದು ಏಕೆ ಸೋತಿತು ಎಂದು ತಿಳಿದರೆ ಇಂದಿನ ಅಂಗಡಿಗಳೂ ಅರ್ಥವಾಗುತ್ತವೆ.

ಚೀಟಿ ಕೊಟ್ಟು ಕಾಯುವ ಕಾಲ

ಸಾಂಡರ್ಸ್ ಹುಟ್ಟಿದ್ದು 1881ರಲ್ಲಿ, ವರ್ಜೀನಿಯಾ ರಾಜ್ಯದ ಬಡ ಕುಟುಂಬವೊಂದರಲ್ಲಿ. 14ನೇ ವಯಸ್ಸಿಗೇ ಶಾಲೆ ಬಿಟ್ಟು ಅಂಗಡಿ ಕೆಲಸಕ್ಕೆ ಸೇರಿದರು. ಆಗಿನ ಅಮೆರಿಕದ ಅಂಗಡಿಗಳು ನಮ್ಮ ಬೀದಿಯ ದಿನಸಿ ಅಂಗಡಿಯಂತೆಯೇ ಇದ್ದವು. ಗಿರಾಕಿ ಹೊರಗೆ ನಿಂತು ಬೇಕಾದ್ದನ್ನು ಹೇಳಬೇಕು, ಕೆಲಸದವರು ಒಳಗಿನಿಂದ ತಂದು, ತೂಗಿ, ಕಟ್ಟಿಕೊಡಬೇಕು. ಜನ ಹೆಚ್ಚಾದರೆ ಗಿರಾಕಿಗಳು ಕಾಯಬೇಕಿತ್ತು, ಜನ ಇಲ್ಲದಾಗ ಕೆಲಸದವರು ಸುಮ್ಮನೆ ಕೂರಬೇಕಿತ್ತು. ಸಂಬಳ ಮಾತ್ರ ಎರಡೂ ಹೊತ್ತಿಗೆ ಕೊಡಬೇಕು. ಮುಂದೆ ಮೆಂಫಿಸ್ ನಗರದಲ್ಲಿ ಸಗಟು ವ್ಯಾಪಾರದಲ್ಲಿದ್ದಾಗಲೂ ಸಾಂಡರ್ಸ್ ಈ ಖರ್ಚನ್ನು ಹತ್ತಿರದಿಂದ ಕಂಡರು.

ಬುಟ್ಟಿ ಗಿರಾಕಿಯ ಕೈಗೆ

1916ರ ಸೆಪ್ಟೆಂಬರ್‌ನಲ್ಲಿ ಅವರು ಮೆಂಫಿಸ್‌ನಲ್ಲಿ ‘ಪಿಗ್ಲಿ ವಿಗ್ಲಿ’ ಎಂಬ ಅಂಗಡಿ ತೆರೆದರು. ತಿರುಗುವ ಗೇಟಿನಿಂದ ಒಳಗೆ ಹೋಗಿ ಬುಟ್ಟಿ ಹಿಡಿದರೆ, ಮುಂದೆ ಒಂದೇ ದಾರಿ. ಆ ದಾರಿ ಎಲ್ಲ ಕಪಾಟುಗಳನ್ನೂ ಸುತ್ತಿಸಿ ಕೊನೆಗೆ ಬಿಲ್ ಕೌಂಟರಿಗೆ ತಂದು ಬಿಡುತ್ತಿತ್ತು. ಪ್ರತಿ ವಸ್ತುವಿಗೂ ಬೆಲೆ ಚೀಟಿ ಇತ್ತು. ಉಪ್ಪು ತರಲು ಬಂದವರೂ ಅಂಗಡಿಯಲ್ಲಿ ಇರುವುದನ್ನೆಲ್ಲ ನೋಡಿಯೇ ಹೋಗಬೇಕು! 1917ರಲ್ಲಿ ಈ ವಿನ್ಯಾಸಕ್ಕೆ ಪೇಟೆಂಟ್ ಸಿಕ್ಕಿತು. 1920ರ ದಶಕದ ಆರಂಭಕ್ಕೆ ಸುಮಾರು 1,200 ಅಂಗಡಿಗಳಾದವು.

ಗಿರಾಕಿಯೇ ಸಾಮಾನು ತೆಗೆದುಕೊಳ್ಳುವ ಪದ್ಧತಿಯನ್ನು ಮೊದಲು ಶುರು ಮಾಡಿದ್ದು ಸಾಂಡರ್ಸ್ ಎಂದು ಹಲವೆಡೆ ಓದುತ್ತೇವೆ. ಇದು ಪೂರ್ತಿ ಸರಿಯಲ್ಲ. ಕ್ಯಾಲಿಫೋರ್ನಿಯಾದ ಕೆಲವು ಅಂಗಡಿಗಳು ಅದಕ್ಕೂ ಮೊದಲೇ ಇದನ್ನು ಪ್ರಯತ್ನಿಸಿದ್ದವು. ಇಡೀ ಅಂಗಡಿಯನ್ನೇ ಇದಕ್ಕಾಗಿ ವಿನ್ಯಾಸ ಮಾಡಿ, ಪೇಟೆಂಟ್ ಪಡೆದು, ದೇಶದ ತುಂಬ ಹರಡಿದ್ದು ಸಾಂಡರ್ಸ್ ಅವರ ಸಾಧನೆ.

ಕಂಪನಿ ಅವರ ಕೈಯಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ. ಷೇರು ಬೆಲೆ ಬೀಳಿಸಿ ಲಾಭ ಮಾಡಲು ಹೊರಟವರನ್ನು ಮಣಿಸಲು ಸಾಂಡರ್ಸ್ ಸಾಲ ಮಾಡಿ ತಮ್ಮ ಕಂಪನಿಯದೇ ಷೇರುಗಳನ್ನು ರಾಶಿ ರಾಶಿಯಾಗಿ ಕೊಂಡರು. 1923ರಲ್ಲಿ ನ್ಯೂಯಾರ್ಕ್ ಷೇರುಪೇಟೆ ಆ ಷೇರಿನ ವಹಿವಾಟನ್ನೇ ನಿಲ್ಲಿಸಿತು. ಸಾಲ ತೀರಿಸಲಾಗದೆ ಅವರು ಕಂಪನಿಯನ್ನೂ, ಕಟ್ಟಿಸುತ್ತಿದ್ದ ಗುಲಾಬಿ ಬಣ್ಣದ ಬಂಗಲೆಯನ್ನೂ ಕಳೆದುಕೊಂಡರು. ‘ಪಿಂಕ್ ಪ್ಯಾಲೆಸ್’ ಎಂಬ ಆ ಬಂಗಲೆ ಮುಂದೆ ವಸ್ತುಸಂಗ್ರಹಾಲಯವಾಯಿತು. ನಂತರ ಕಟ್ಟಿದ ಇನ್ನೊಂದು ಅಂಗಡಿ ಸರಣಿಯೂ ಮಹಾ ಆರ್ಥಿಕ ಕುಸಿತದ ಹೊತ್ತಿಗೆ ಮುಳುಗಿತು.

ಎಲ್ಲ ಮಾಡುವ ಕೀಲಿ

1937ರಲ್ಲಿ ಸಾಂಡರ್ಸ್ ತಮ್ಮದೇ ಹಳೆಯ ಸೂತ್ರವನ್ನು ತಿರುಗಿಸಿ ಹಾಕಿದರು. ಹೊಸ ಅಂಗಡಿಯ ಹೆಸರು ‘ಕೀಡೂಜಲ್’. ಕೀಲಿಯೇ ಎಲ್ಲ ಮಾಡುತ್ತದೆ ಎಂಬ ಅರ್ಥದ ಇಂಗ್ಲಿಷ್ ಮಾತನ್ನು ಕೂಡಿಸಿ ಮಾಡಿದ ಹೆಸರಿದು. ಗಾಜಿನ ಹಿಂದೆ ಪ್ರತಿ ಸಾಮಾನಿನ ಒಂದೊಂದು ಮಾದರಿ ಮಾತ್ರ ಇರುತ್ತಿತ್ತು. ಬೇಕಾದ ವಸ್ತುವಿನ ರಂಧ್ರಕ್ಕೆ ಗಿರಾಕಿ ಕೀಲಿ ತೂರಿಸಿದರೆ, ಕೀಲಿಯೊಳಗಿನ ಕಾಗದದ ಪಟ್ಟಿಯಲ್ಲಿ ಆರ್ಡರ್ ದಾಖಲಾಗುತ್ತಿತ್ತು. ಕೌಂಟರಿನಲ್ಲಿ ಯಂತ್ರ ಆ ಪಟ್ಟಿಯನ್ನು ಓದುತ್ತಿತ್ತು. ಹಿಂದಿನ ಉಗ್ರಾಣದಿಂದ ಸಾಮಾನು ಕನ್ವೇಯರ್ ಬೆಲ್ಟಿನ ಮೇಲೆ ಬಂದು ಸೇರುತ್ತಿತ್ತು. ಗಾಜಿನ ಬದಲು ಮೊಬೈಲ್ ಪರದೆ ಇಟ್ಟು ನೋಡಿ: ಇವತ್ತಿನ ಆ್ಯಪ್ ಸಿದ್ಧ.

ತೊಂದರೆ ಇದ್ದದ್ದು ಯಂತ್ರದಲ್ಲಿ. ಒಂದಿಬ್ಬರು ಬಂದಾಗ ಅದು ಚೆನ್ನಾಗಿ ನಡೆಯುತ್ತಿತ್ತು. ಜನ ಮುಗಿಬಿದ್ದಾಗ ಬೆಲ್ಟ್ ಆ ಭಾರ ತಾಳುತ್ತಿರಲಿಲ್ಲ, ಒಬ್ಬರ ಸಾಮಾನು ಇನ್ನೊಬ್ಬರಿಗೆ ಹೋಗುತ್ತಿತ್ತು. ರಿಪೇರಿಯ ಖರ್ಚು ಏರಿತು. 1948ರಲ್ಲಿ ಸುಧಾರಿಸಿ ಮತ್ತೆ ತೆರೆದರೂ 1949ರಲ್ಲಿ ಮುಚ್ಚಬೇಕಾಯಿತು. ಮೂರನೆಯ ವಿನ್ಯಾಸ ‘ಫುಡ್‌ಎಲೆಕ್ಟ್ರಿಕ್’ ತೆರೆಯುವ ಮುನ್ನವೇ, 1953ರ ಅಕ್ಟೋಬರ್‌ನಲ್ಲಿ, 72ನೇ ವಯಸ್ಸಿನಲ್ಲಿ ಸಾಂಡರ್ಸ್ ತೀರಿಕೊಂಡರು.

ಹಾಗಾದರೆ ನಮಗೇನು?

ದಿನಸಿ ಕೊಳ್ಳುವುದರಲ್ಲಿ ಎರಡು ಕೆಲಸಗಳಿವೆ. ಒಂದು, ಏನು ಬೇಕೆಂದು ಆರಿಸುವುದು. ಇನ್ನೊಂದು, ಅದನ್ನು ಹುಡುಕಿ ತೆಗೆದು ಒಟ್ಟು ಮಾಡುವುದು. ಸಾಂಡರ್ಸ್ ಈ ಎರಡನೆಯ ಕೆಲಸವನ್ನು 1916ರಲ್ಲಿ ಕೆಲಸದವರಿಂದ ಗಿರಾಕಿಗೆ ವರ್ಗಾಯಿಸಿದರು, 1937ರಲ್ಲಿ ಗಿರಾಕಿಯಿಂದ ಯಂತ್ರಕ್ಕೆ. ಇಂದಿನ ಆ್ಯಪ್ ಆರಿಸುವುದನ್ನು ಸುಲಭ ಮಾಡಿದೆ, ನಿಜ. ಆದರೆ ಬೆಂಗಳೂರಿನಂಥ ನಗರಗಳ ಡಾರ್ಕ್ ಸ್ಟೋರ್‌ಗಳಲ್ಲಿ ಕಪಾಟುಗಳ ನಡುವೆ ಓಡಾಡಿ ನಿಮ್ಮ ಚೀಲ ತುಂಬುವವರು ಮನುಷ್ಯರೇ. ಬಿಡಿ ಗಿರಾಕಿಗಳೂ ಆನ್‌ಲೈನ್ ಆರ್ಡರ್‌ಗಳೂ ಒಂದೇ ಕಪಾಟಿನಿಂದ ನಡೆಯುವ ಅಂಗಡಿಯಲ್ಲಿ ಇಬ್ಬರೂ ಒಂದೇ ಓಣಿಯಲ್ಲಿ ಎದುರಾಗುತ್ತಾರೆ. ಅದಕ್ಕಾಗಿಯೇ ಹೊಸ ವಿನ್ಯಾಸಗಳಲ್ಲಿ ಆರ್ಡರ್ ಒಟ್ಟು ಮಾಡಲು ಹಿಂದೆ ಬೇರೆ ಜಾಗ, ಒಯ್ಯಲು ಬೇರೆ ಕೌಂಟರ್ ಇಡುತ್ತಾರೆ.

ಕೆಲಸದವರೇ ಬೇಡದ ಅಂಗಡಿ ಬಂದಿದೆ ಎಂಬ ವಿಡಿಯೊ ನಿಮ್ಮ ಗುಂಪಿಗೆ ಬಂದರೆ, ಮುಂದೆ ಕಳಿಸುವ ಮೊದಲು ಎರಡು ಪ್ರಶ್ನೆ ಕೇಳಿ. ಸಾಮಾನನ್ನು ತೆಗೆದಿಡುತ್ತಿರುವವರು ಯಾರು? ಹಬ್ಬದ ಹಿಂದಿನ ಸಂಜೆ, ಎಲ್ಲರೂ ಒಟ್ಟಿಗೆ ಬಂದಾಗ, ಅದು ನಡೆಯುತ್ತದೆಯೇ? ಕೀಡೂಜಲ್ ಎಡವಿದ್ದು ಈ ಎರಡನೆಯ ಪ್ರಶ್ನೆಯಲ್ಲೇ.